ಖಿನ್ನತಾರೋಗವೂ ಮಸ್ತಿಷ್ಕಚಿತ್ರಗಳ ಪ್ರಾಮಾಣ್ಯವೂ

ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತಾರ್ಕಿಕರ ಪ್ರಸಿದ್ಧ ದೃಷ್ಟಾಂತ. ಬೆಂಕಿಯನ್ನು ಬಿಟ್ಟು ಹೊಗೆಯು ಎಲ್ಲಿಯೂ ಇರದೆಂಬ ವ್ಯಾಪ್ತಿಯೇ ಈ ಅನುಮಿತಿಗೆ ಬಲ. ಖಿನ್ನತೆಯಿಂದ ಪೀಡಿತರಾದವರಲ್ಲಿ ಆತ್ಮಹತ್ಯೆಯ ಅಪಾಯವು ಯಾರಿಗುಂಟೆಂಬುದನ್ನು ಮೆದುಳಿನ ಚಿಹ್ನೆಗಳಿಂದ ತಿಳಿಯಲೆಳಸಿದ ವಿದ್ವಾಂಸರ ಅರ್ಧಶತಮಾನದ ಚರಿತ್ರೆಯು ಇಂತಹ ವ್ಯಾಪ್ತಿಯ ಅನ್ವೇಷಣೆಯೇ ಆಗಿದೆ.

1976ರಲ್ಲಿ ಸ್ವೀಡನ್ ದೇಶದ ಮೇರಿ ಆಸ್ಬರ್ಗ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ 68 ಮಂದಿ ಖಿನ್ನರ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಮೆದುಳಿನ ಸೆರೊಟೊನಿನ್ ಎಂಬ ದ್ರವ್ಯವು ವ್ಯಯವಾದ ಮೇಲೆ ಉಳಿಯುವ ಆಮ್ಲವು ಯಾರಲ್ಲಿ ಅಲ್ಪವಾಗಿದ್ದಿತೋ ಅವರಲ್ಲಿ ಆತ್ಮಹತ್ಯಾಪ್ರಯತ್ನಗಳು ಅಧಿಕವಾಗಿದ್ದುವು. ಬಳಿಕ, ಅತ್ಯಲ್ಪ ವಿಕಿರಣದ್ರವ್ಯವನ್ನು ರಕ್ತಕ್ಕೆ ಸೇರಿಸಿ, ಮೆದುಳಿನ ಯಾವ ಭಾಗವು ಎಷ್ಟು ಗ್ಲೂಕೋಸನ್ನು ಬಳಸುವುದೆಂದು ಅಳೆಯುವ ಪಾಸಿಟ್ರಾನ್ ಚಿತ್ರಣದಿಂದ ಜೀವಂತ ಮೆದುಳನ್ನೇ ಪರಿಶೀಲಿಸುವುದು ಸಾಧ್ಯವಾಯಿತು. 2003ರಲ್ಲಿ ನ್ಯೂಯಾರ್ಕಿನ ಮರಿಯ ಒಕೆಂಡೊ, ಜಾನ್ ಮ್ಯಾನ್ ಮೊದಲಾದವರು, ಪ್ರಾಣಾಪಾಯಕರವಾದ ಪ್ರಯತ್ನದಿಂದ ಬದುಕಿ ಉಳಿದ ಖಿನ್ನರಲ್ಲಿ ಹಣೆಯ ಹಿಂದಣ ಮೆದುಳಿನ ಭಾಗಗಳ ಈ ಬಳಕೆಯು, ಅಲ್ಪಾಪಾಯದ ಪ್ರಯತ್ನ ಮಾಡಿದ್ದವರಿಗಿಂತ ಕಡಿಮೆಯೆಂದು ತೋರಿಸಿದರು.

ಇವೆಲ್ಲ ಸಮೂಹಸಮೂಹಗಳ ಭೇದಗಳು. ವ್ಯಕ್ತಿಯನ್ನೇ ಗುರುತಿಸಬಹುದೆಂಬ ವಾದವನ್ನು 2017ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಮಾರ್ಸೆಲ್ ಜಸ್ಟ್ ಮತ್ತು ಸಂಗಡಿಗರು ಮುಂದಿಟ್ಟರು. ಆತ್ಮಹತ್ಯಾಚಿಂತೆಯುಳ್ಳ 17 ಮಂದಿ ತರುಣರೂ ಅದಿಲ್ಲದ 17 ಮಂದಿಯೂ ಮರಣ, ಕ್ರೌರ್ಯ ಮೊದಲಾದ ಪದಗಳ ಅರ್ಥವನ್ನು ಭಾವಿಸುತ್ತಿರುವಾಗ ತೆಗೆದ ಕಾಂತೀಯಚಿತ್ರಗಳಿಂದ ನೂರಕ್ಕೆ 91ರಷ್ಟು ನಿರ್ಣಯವು ಸರಿಯಾಯಿತೆಂದು ಹೇಳಿದರು. ಆದರೆ, ಭೇದವನ್ನು ಸ್ಫುಟವಾಗಿ ತೋರುವ ಪದಗಳನ್ನೂ ಸ್ಥಾನಗಳನ್ನೂ ಯಾರ ಚಿತ್ರಗಳಿಂದ ಆರಿಸಿದ್ದರೋ ಅವರ ಮೇಲೆಯೇ ನಿರ್ಣಯವನ್ನು ಪರೀಕ್ಷಿಸಿದ್ದರೆಂಬ ಆಕ್ಷೇಪವು ಎದ್ದಿತು. ಸಾಧ್ಯವನ್ನೇ ಸಾಧನದೊಳಗೆ ಸೇರಿಸಿದಂತಾಯಿತು. 2023ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು.

ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಮತ್ತೊಂದು ಸಮೀಕ್ಷೆಯು, ಯಾವುದೇ ಬಗೆಯ ಚಿಹ್ನೆಯಿಂದ ಮಾಡಿದ ಭವಿಷ್ಯನಿರ್ಣಯವೂ ಯಾದೃಚ್ಛಿಕವಾದ ಊಹೆಗಿಂತ ಅತ್ಯಲ್ಪವಾಗಿಯೇ ಮೇಲೆಂದು ಕಂಡಿತು. ಚಿಹ್ನೆಯಿದ್ದೂ ಸಾಯದವರು ಅನೇಕರು, ಇಲ್ಲದೆಯೂ ಸತ್ತವರುಂಟು. ಇಂತಹ ಹೇತುವನ್ನು ಶಾಸ್ತ್ರವು ಅನೈಕಾಂತಿಕವೆನ್ನುತ್ತದೆ. ತರ್ಕದಲ್ಲಿ ಈ ದೋಷದಿಂದ ವಾದಿಯು ಸೋಲುವನಷ್ಟೆ. ಇಲ್ಲಿಯಾದರೋ, ಚಿತ್ರವು ನಿರ್ದೋಷವಾಗಿದೆಯೆಂದು ಮನೆಗೆ ಕಳುಹಿಸಲ್ಪಟ್ಟ ರೋಗಿಯ ಪ್ರಾಣವೇ ಹೋಗಬಹುದು.

ಹಾಗೆಂದು ಮಸ್ತಿಷ್ಕಚಿತ್ರಗಳು ವ್ಯರ್ಥವಲ್ಲ. ರೋಗದ ಕಾರಣವನ್ನು ಅರಿಯುವುದಕ್ಕೆ ಅವು ಉಪಕರಿಸುತ್ತಿವೆ. ರೋಗಿಯನ್ನು ನೋಡಿ, ಮುಟ್ಟಿ, ಪ್ರಶ್ನಿಸಿ ಪರೀಕ್ಷಿಸಬೇಕೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟನು ವಿಧಿಸಿರುವನು. ಯಂತ್ರವು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ವಿಸ್ತರಿಸಿತು. ಆತ್ಮಹತ್ಯೆಯ ವಿಷಯವನ್ನು ಕೇಳಿದರೆ ಆ ಯೋಚನೆಯನ್ನು ಬಿತ್ತಿದಂತಾಗುವುದೆಂಬ ಭಯವು ಲೋಕದಲ್ಲುಂಟು. ನ್ಯೂಯಾರ್ಕ್ ರಾಜ್ಯದ 2,000ಕ್ಕೂ ಮಿಕ್ಕ ವಿದ್ಯಾರ್ಥಿಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಾಗೆ ಕೇಳಿದುದರಿಂದ ಆ ಯೋಚನೆಯು ಹೆಚ್ಚಲಿಲ್ಲವೆಂದು ಸಿದ್ಧವಾಯಿತು. ಆದುದರಿಂದ, ಚಿತ್ರವು ಏನನ್ನೇ ತೋರಲಿ, ನೊಂದವನನ್ನು ಕೇಳುವ ಕರ್ತವ್ಯವು ವೈದ್ಯನಿಗೂ ಬಂಧುಗಳಿಗೂ ಹಾಗೆಯೇ ಉಳಿದಿದೆ.