ಕಂಪೈಲರ್ ಮತ್ತು ಅಂಕಿಗಳ ಅಳತೆ: ಒಂದು ಚಾರಿತ್ರಿಕ ನೋಟ



ನಿಮ್ಮಲ್ಲಿ ಅನೇಕರು ತರಗತಿಯಲ್ಲಿ 'ಸಿ' ಭಾಷೆಯ ಪ್ರೋಗ್ರಾಂ ಬರೆದಿರುತ್ತೀರಿ. ಲೆಕ್ಕ ಶುರುವಾಗುವ ಮೊದಲೇ 'ಇಂಟ್', 'ಚಾರ್', 'ಫ್ಲೋಟ್' ಎಂದು ಬರೆಯಬೇಕೆಂಬುದು ನಿಯಮ. ಇದೇಕೆ ಎಂದು ಎಂದಾದರೂ ಕೇಳಿದ್ದೀರಾ? ಈ ಪುಟ್ಟ ಪದಗಳಿಗೆ ಅರ್ಧ ಶತಮಾನದ ಇತಿಹಾಸವಿದೆ. ಅದನ್ನು ತಿಳಿದವನು ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಕಂಪ್ಯೂಟರಿನ ಸ್ಮರಣೆಯಲ್ಲಿರುವುದು ಸೊನ್ನೆ ಮತ್ತು ಒಂದು ಮಾತ್ರ. ಇಂತಹ ಒಂದೊಂದು ಸ್ಥಾನಕ್ಕೆ 'ಬಿಟ್' ಎಂದೂ, ಎಂಟು ಬಿಟ್‌ಗಳ ಗುಂಪಿಗೆ 'ಬೈಟ್' ಎಂದೂ ಹೆಸರು. 01000001 ಎಂಬ ಬೈಟನ್ನು ಸಂಖ್ಯೆಯೆಂದು ಓದಿದರೆ 65. ಅಕ್ಷರವೆಂದು ಓದಿದರೆ ಇಂಗ್ಲಿಷಿನ ದೊಡ್ಡ 'ಎ'. ಇವೆರಡರಲ್ಲಿ ಯಾವುದು ಎಂಬುದು ಯಂತ್ರಕ್ಕೆ ತಿಳಿಯದು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಾಗಿ ಅನುವಾದಿಸುವ ಕಂಪೈಲರ್ ಅದನ್ನು ನಿರ್ಧರಿಸುತ್ತದೆ. ಎಷ್ಟು ಬೈಟ್ ಜಾಗ ಬೇಕು, ಯಾವ ಆಜ್ಞೆಯಿಂದ ಕೂಡಿಸಬೇಕು ಎಂಬುದನ್ನು ಅದು ನಮ್ಮ ಘೋಷಣೆಯಿಂದಲೇ ತಿಳಿಯುತ್ತದೆ.

ಬಿ ಯಿಂದ ಸಿ ಗೆ

ಬೈಟ್ ಎಂದರೆ ಎಂಟೇ ಬಿಟ್ ಎಂಬುದು ಪ್ರಕೃತಿ ನಿಯಮವಲ್ಲ. ಈ ಪದವನ್ನು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಖೋಲ್ಜ್ ಬಳಕೆಗೆ ತಂದರು. 1964ರಲ್ಲಿ ಪ್ರಕಟವಾದ ಅದೇ ಸಂಸ್ಥೆಯ 'ಸಿಸ್ಟಂ 360' ಯಂತ್ರಗಳಿಂದ ಎಂಟು ಬಿಟ್‌ಗಳ ಪದ್ಧತಿ ಹರಡಿತು. ಆಗಿನ ಅನೇಕ ಯಂತ್ರಗಳು 18 ಅಥವಾ 36 ಬಿಟ್‌ಗಳ 'ವರ್ಡ್' ಎಂಬ ಅಳತೆಯಲ್ಲಿ ಕೆಲಸ ಮಾಡುತ್ತಿದ್ದವು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಅವರು ರಚಿಸಿದ 'ಬಿ' ಭಾಷೆಗೆ ಗೊತ್ತಿದ್ದದ್ದು ಈ ವರ್ಡ್ ಒಂದೇ. ಸಂಖ್ಯೆಗೂ ಅಕ್ಷರಕ್ಕೂ ಅಲ್ಲಿ ಭೇದವಿರಲಿಲ್ಲ. 1970ರಲ್ಲಿ ಬಂದ ಪಿಡಿಪಿ-11 ಯಂತ್ರದಲ್ಲಾದರೋ ಪ್ರತಿಯೊಂದು ಬೈಟಿಗೂ ಪ್ರತ್ಯೇಕ ವಿಳಾಸವಿತ್ತು. ಒಂದು ಅಕ್ಷರವನ್ನು ತೆಗೆಯಲು 'ಬಿ' ಭಾಷೆಯಲ್ಲಿ ಸುತ್ತುಬಳಸು ದಾರಿ ಹಿಡಿಯಬೇಕಾಗಿತ್ತು. ಆಗ ಡೆನಿಸ್ ರಿಚಿ ಅವರು 1971ರಿಂದ ಅದಕ್ಕೆ 'ಚಾರ್', 'ಇಂಟ್' ಮುಂತಾದ ಪ್ರಕಾರಗಳನ್ನು ಸೇರಿಸತೊಡಗಿದರು. ಹೀಗೆ 1972ರ ಹೊತ್ತಿಗೆ 'ಸಿ' ಭಾಷೆ ರೂಪುಗೊಂಡಿತು. ಅಂದರೆ ನೀವು ಬರೆಯುವ ಆ ಪದಗಳು ಒಂದು ಯಂತ್ರದ ಅಗತ್ಯದಿಂದ ಹುಟ್ಟಿದವು.

ಆದರೆ ಅಳತೆ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಪ್ರಸಿದ್ಧ ಪಠ್ಯದಲ್ಲಿ 'ಇಂಟ್' ಪಿಡಿಪಿ-11ರಲ್ಲಿ 16 ಬಿಟ್, ಐಬಿಎಂ 370ರಲ್ಲಿ 32 ಬಿಟ್, ಹನಿವೆಲ್ 6000ದಲ್ಲಿ 36 ಬಿಟ್ ಎಂಬ ಪಟ್ಟಿ ಇದೆ. ಇಂದಿಗೂ 64 ಬಿಟ್‌ನ ಲಿನಕ್ಸಿನಲ್ಲಿ 'ಲಾಂಗ್' 8 ಬೈಟ್, ವಿಂಡೋಸಿನಲ್ಲಿ 4 ಬೈಟ್. ನಿಖರ ಅಳತೆಯನ್ನೇ ಹೆಸರಿನಲ್ಲಿ ಹೇಳುವ ಪ್ರಕಾರಗಳು ಸಿ ಭಾಷೆಯ ಪ್ರಮಾಣಕ್ಕೆ ಸೇರಿದ್ದು 1999ರಲ್ಲಿ.

ಎಡದಿಂದಲೋ ಬಲದಿಂದಲೋ

ಅಳತೆಯಂತೆ ಕ್ರಮವೂ ಮುಖ್ಯ. ಕನ್ನಡವನ್ನು ಎಡದಿಂದ, ಉರ್ದುವನ್ನು ಬಲದಿಂದ ಓದುತ್ತೇವೆ. ದಿಕ್ಕು ತಿಳಿಯದವನಿಗೆ ಎರಡೂ ಅರ್ಥವಾಗವು. ಯಂತ್ರಗಳಲ್ಲಿಯೂ ಹಾಗೆಯೇ. 258 ಎಂಬ ಸಂಖ್ಯೆಯನ್ನು ಎರಡು ಬೈಟ್‌ಗಳಲ್ಲಿ ಇಡುವಾಗ ಐಬಿಎಂ 360 ದೊಡ್ಡ ಭಾಗವನ್ನು ಮೊದಲು ಇಟ್ಟು 1, 2 ಎನ್ನುತ್ತದೆ. ಪಿಡಿಪಿ-11 ಮತ್ತು ಇಂಟೆಲ್ ಯಂತ್ರಗಳು 2, 1 ಎನ್ನುತ್ತವೆ. ಒಂದರ ಬರಹವನ್ನು ಇನ್ನೊಂದು ಹಾಗೆಯೇ ಓದಿದರೆ 258 ಹೋಗಿ 513 ಆಗುತ್ತದೆ! 1980ರಲ್ಲಿ ಡ್ಯಾನಿ ಕೋಹೆನ್ ಅವರು, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಜಗಳವಾಡುವ 'ಗಲಿವರನ ಪ್ರವಾಸ'ದ ಜನರ ಹೆಸರನ್ನೇ ಈ ಎರಡು ಪಕ್ಷಗಳಿಗೆ ಇಟ್ಟರು.

ಹಿಡಿಸದ ಒಂದು ಸಂಖ್ಯೆ

ಇದೆಲ್ಲ ಬರೀ ಪಂಡಿತರ ಚರ್ಚೆಯೆಂದು ತಿಳಿಯಬೇಡಿ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಯೂರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಯಾನಕ್ಕೆ ಹೊರಟಿತು. ಅದರ ದಿಕ್ಕನ್ನು ಅಳೆಯುವ ಉಪಕರಣದ ಪ್ರೋಗ್ರಾಂ ಹಳೆಯ ಏರಿಯಾನ್-4ರಿಂದ ಬಂದದ್ದು. ಅದರಲ್ಲಿ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕವಾಗಿ ಬದಲಿಸಬೇಕಿತ್ತು. 16 ಬಿಟ್‌ನಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು. ಹಳೆಯ ರಾಕೆಟ್ಟಿನಲ್ಲಿ ಬೆಲೆ ಅಷ್ಟು ಏರುತ್ತಿರಲಿಲ್ಲ; ಹೊಸದರ ವೇಗ ಹೆಚ್ಚು, ಏರಿತು. ಉಪಕರಣ ನಿಂತಿತು. ಜೊತೆಗಿದ್ದ ಬದಲಿ ಉಪಕರಣದಲ್ಲೂ ಅದೇ ಪ್ರೋಗ್ರಾಂ ಇದ್ದುದರಿಂದ ಅದೂ ನಿಂತಿತು. ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ ನಾಲ್ಕು ಉಪಗ್ರಹಗಳ ಸಹಿತ ಛಿದ್ರವಾಯಿತು.

ನಮ್ಮ ಅಕ್ಷರಗಳ ಪಾಡು

ಅಳತೆ ನಿರ್ಧರಿಸಿದವರು ಯಾರನ್ನು ನೆನೆಯಲಿಲ್ಲವೋ ಅವರಿಗೆ ಜಾಗ ಸಿಗುವುದಿಲ್ಲ. 1963ರ ಆಸ್ಕಿ ಸಂಕೇತದಲ್ಲಿದ್ದದ್ದು 128 ಸ್ಥಾನಗಳು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೂ ಉರ್ದುವಿಗೂ ಅಲ್ಲಿ ಸ್ಥಳವಿರಲಿಲ್ಲ. 1991ರ ಯೂನಿಕೋಡ್ ಈ ಕೊರತೆಯನ್ನು ನೀಗಿಸಿತು. ಮರುವರ್ಷ ಅದೇ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆಗೂಡಿ ಯುಟಿಎಫ್-8 ಎಂಬ ವಿಧಾನ ರೂಪಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಉರ್ದು ಅಕ್ಷರಕ್ಕೆ 2, ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3. ಇಂಗ್ಲಿಷಿನ 'ಬುಕ್' 4 ಬೈಟ್, ಉರ್ದುವಿನ 'ಕಿತಾಬ್' 8 ಬೈಟ್, ನಮ್ಮ 'ಪುಸ್ತಕ' 18 ಬೈಟ್! ಒಂದು 'ಚಾರ್' ಎಂದರೆ ಒಂದು ಅಕ್ಷರ ಎಂದು ನಂಬಿ ಬರೆದ ಪ್ರೋಗ್ರಾಂ ನಮ್ಮ ಹೆಸರುಗಳನ್ನು ನಡುವೆಯೇ ಕತ್ತರಿಸಿಬಿಡುತ್ತದೆ. ಒತ್ತಕ್ಷರವೆಂದರೇನೆಂದು ಬಲ್ಲ ನಮ್ಮ ಮಕ್ಕಳು ಈ ಕ್ಷೇತ್ರಕ್ಕೆ ಹೋಗಬೇಕಾದ ಕಾರಣಗಳಲ್ಲಿ ಇದೂ ಒಂದು.

ಇನ್ನೊಂದು ಪರೀಕ್ಷೆ ನಿಮ್ಮ ಕಾಲದಲ್ಲೇ ಇದೆ. ಯೂನಿಕ್ಸ್ ಪದ್ಧತಿಯ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. 32 ಬಿಟ್‌ನಲ್ಲಿ ಎಣಿಸುವ ಯಂತ್ರಗಳ ಜಾಗ 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ ತುಂಬಲಿದೆ. ಹೊಸ ಯಂತ್ರಗಳು 64 ಬಿಟ್‌ಗೆ ಬದಲಾಗಿವೆ. ಬದಲಾಗದೆ ಉಳಿದ ಹಳೆಯವನ್ನು ಹುಡುಕಿ ಸರಿಪಡಿಸುವ ಕೆಲಸ ನಿಮ್ಮ ಪೀಳಿಗೆಯದು.

ಆದುದರಿಂದ ಮಿತ್ರರೇ, ಮುಂದಿನ ಸಲ 'ಇಂಟ್' ಎಂದು ಬರೆಯುವಾಗ ಒಂದು ಕ್ಷಣ ನಿಲ್ಲಿ. ಇದರಲ್ಲಿ ಎಷ್ಟು ಹಿಡಿಸುತ್ತದೆ, ನಾಳೆ ಎಷ್ಟು ಬರಬಹುದು, ಇದನ್ನು ಓದುವವರು ಯಾರು ಎಂದು ಕೇಳಿಕೊಳ್ಳಿ. ಕಂಪೈಲರ್ ನಿಮ್ಮ ಮಾತನ್ನು ನಂಬುತ್ತದೆ. ಆ ಮಾತು ಸರಿಯಾಗಿರಬೇಕಾದದ್ದು ನಿಮ್ಮ ಹೊಣೆ.