ಸಹಿ ಅಪ್ಪ-ಅಮ್ಮನದು, ತೀರ್ಮಾನ ಯಾರದು?

1980ಕ್ಕೆ ಮೊದಲು ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಹೃದಯದ ಎಡಭಾಗ ಬೆಳೆಯದೆ ಹುಟ್ಟುವ ಕೂಸುಗಳಿಗೆ, ಅಂದರೆ ವೈದ್ಯರು ಎಚ್‌ಎಲ್‌ಎಚ್‌ಎಸ್ ಎನ್ನುವ ಕಾಯಿಲೆ ಇರುವವಕ್ಕೆ, ಎಲ್ಲೂ ಚಿಕಿತ್ಸೆ ಇರಲಿಲ್ಲ. ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುತ್ತಿತ್ತು. ಗರ್ಭದಲ್ಲಿ ತೆರೆದಿದ್ದ ಡಕ್ಟಸ್ ಎಂಬ ರಕ್ತನಾಳ ಕೆಲವು ದಿನಗಳಲ್ಲಿ ಮುಚ್ಚಿಕೊಳ್ಳುತ್ತಿದ್ದಂತೆ ಹಾಲು ಬಿಟ್ಟು, ಮೈ ತಣ್ಣಗಾಗಿ, ತೀರಿಹೋಗುತ್ತಿತ್ತು. ಹೆತ್ತವರಿಗೆ ದುಃಖವಿತ್ತು, ಆರಿಸುವ ಹೊರೆ ಇರಲಿಲ್ಲ.

ಆ ಹೊರೆ ಬಂದದ್ದು ಎರಡು ಹೆಜ್ಜೆಗಳಲ್ಲಿ. 1970ರ ದಶಕದ ನಡುವಿನಲ್ಲಿ ಬಂದ ಪ್ರೊಸ್ಟಾಗ್ಲಾಂಡಿನ್ ಔಷಧಿ ಡಕ್ಟಸ್ಸನ್ನು ತೆರೆದಿಟ್ಟು ವೈದ್ಯರಿಗೆ ಸಮಯ ಕೊಟ್ಟಿತು. ಆಮೇಲೆ ಬಾಸ್ಟನ್ನಿನ ವಿಲಿಯಂ ನಾರ್ವುಡ್ 1983ರಲ್ಲಿ ತಮ್ಮ ಶಸ್ತ್ರಚಿಕಿತ್ಸೆ ಫಲಿಸಿದ ವರದಿ ಪ್ರಕಟಿಸಿದರು. ಅದು ಒಮ್ಮೆಗೇ ಮುಗಿಯುವ ಆಪರೇಷನ್ ಅಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಒಂದು, ಸುಮಾರು ಆರು ತಿಂಗಳ ಹೊತ್ತಿಗೆ ಇನ್ನೊಂದು, ಎರಡರಿಂದ ನಾಲ್ಕು ವರ್ಷದೊಳಗೆ ಮತ್ತೊಂದು. ಇಷ್ಟಾದರೂ ಅರ್ಧ ಹೃದಯವೇ ಪೂರ್ತಿ ಹೃದಯದ ಕೆಲಸ ಮಾಡಬೇಕು. ಜೀವನಪರ್ಯಂತ ತಪಾಸಣೆ ತಪ್ಪದು.

1984ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲೋಮಾ ಲಿಂಡಾದಲ್ಲಿ ಡಾ. ಲಿಯೊನಾರ್ಡ್ ಬೈಲಿ ಇದೇ ಕಾಯಿಲೆಯ ಹೆಣ್ಣುಮಗುವೊಂದಕ್ಕೆ ಬಬೂನ್ ಕೋತಿಯ ಹೃದಯ ಜೋಡಿಸಿದರು. ಪತ್ರಿಕೆಗಳಲ್ಲಿ ‘ಬೇಬಿ ಫೇ’ ಆದ ಆ ಮಗು ಬದುಕಿದ್ದು ಮೂರು ವಾರ. ಗದ್ದಲವೆಲ್ಲ ಕೋತಿಯ ಸುತ್ತ ಎದ್ದಿತು. ನನಗೆ ಮುಖ್ಯವಾಗಿ ಕಾಣುವುದು ಆನಂತರ ನಡೆದ ಸರ್ಕಾರಿ ಪರಿಶೀಲನೆ. ತಾಯಿ-ತಂದೆ ಸಹಿ ಹಾಕಿದ ಸಮ್ಮತಿ ಪತ್ರದಲ್ಲಿ ದೂರದ ಫಲವನ್ನು ಹಿಗ್ಗಿಸಿ ಹೇಳಲಾಗಿತ್ತು, ಮನುಷ್ಯರ ಹೃದಯಕ್ಕಾಗಿ ಹುಡುಕುವ ಮಾತೇ ಇರಲಿಲ್ಲ ಎಂದು ಅದು ಕಂಡುಕೊಂಡಿತು. ಮರುವರ್ಷದಿಂದ ಬೈಲಿ ಮನುಷ್ಯರ ಹೃದಯವನ್ನೇ ಕೂಸುಗಳಿಗೆ ಕಸಿ ಮಾಡತೊಡಗಿದರು.

ಹೀಗೆ ಮೂರು ದಾರಿಗಳಾದವು: ಮೂರು ಹಂತದ ಆಪರೇಷನ್, ಹೃದಯ ಕಸಿ, ಅಥವಾ ಏನೂ ಮಾಡದೆ ನೋವಾಗದಂತೆ ನೋಡಿಕೊಂಡು ಕಳಿಸಿಕೊಡುವುದು. ಯಾವುದು ಸರಿ ಎಂಬುದರಲ್ಲಿ ವೈದ್ಯರಿಗೇ ಒಮ್ಮತವಿರಲಿಲ್ಲ. ಆಸ್ಪತ್ರೆಗಳಲ್ಲಿ ಹೆತ್ತವರು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ‘ಡಾಕ್ಟ್ರೇ, ನಿಮ್ಮ ಮಗು ಆಗಿದ್ರೆ ಏನ್ ಮಾಡ್ತಿದ್ರಿ?’ ಅಮೆರಿಕದ ಅಲೆಕ್ಸಾಂಡರ್ ಕಾನ್ ಮತ್ತು ಸಂಗಡಿಗರು ಇದನ್ನೇ ವೈದ್ಯರ ಮುಂದಿಟ್ಟು ಸಮೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಉತ್ತರಗಳು ಒಡೆದುಹೋದವು. ದಿನಾ ಈ ಮಕ್ಕಳನ್ನು ನೋಡುವವರಲ್ಲೇ ಎಷ್ಟೋ ಮಂದಿ ತಮ್ಮ ಮಗುವಿಗೆ ಆಪರೇಷನ್ ಬೇಡ ಎನ್ನುವವರಿದ್ದರು. ಈ ಕ್ಷೇತ್ರದ ದಿಕ್ಕು ಬದಲಿಸಿದ ಅಧ್ಯಯನ ಇದು ಎಂಬುದು ನನ್ನ ಎಣಿಕೆ. ಅಲ್ಲಿಯವರೆಗೆ ಹೆತ್ತವರ ಮನಸ್ಸನ್ನು ಅಳೆಯುತ್ತಿದ್ದವರು ಹೇಳುವವರ ಮನಸ್ಸನ್ನೂ ಅಳೆಯಬೇಕಾಯಿತು.

ಹೇಳುವ ಬಗೆ ಎಷ್ಟು ಮುಖ್ಯ ಎನ್ನುವುದಕ್ಕೆ ಲೆಕ್ಕವೂ ಸಿಕ್ಕಿದೆ. ಉತ್ತರ ಅಮೆರಿಕದ 15 ಕೇಂದ್ರಗಳಲ್ಲಿ ನಾರ್ವುಡ್ ಆಪರೇಷನ್ನಿನ ಎರಡು ವಿಧಾನಗಳನ್ನು ಹೋಲಿಸಿದ ದೊಡ್ಡ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಸಾವಿಲ್ಲದೆ, ಕಸಿಯೂ ಇಲ್ಲದೆ ವರ್ಷ ದಾಟಿದವರು ಒಂದರಲ್ಲಿ ಶೇ 74, ಇನ್ನೊಂದರಲ್ಲಿ ಶೇ 64. ‘ನಾಲ್ಕರಲ್ಲಿ ಮೂರು ಮಕ್ಕಳು ವರ್ಷ ದಾಟುತ್ತವೆ’ ಎನ್ನುವುದೂ ‘ನಾಲ್ಕರಲ್ಲೊಂದು ದಾಟುವುದಿಲ್ಲ’ ಎನ್ನುವುದೂ ಅದೇ ಲೆಕ್ಕ. ಹೆರಿಗೆಯಾಗಿ ಎರಡನೇ ದಿನ, ಹೊಲಿಗೆ ಇನ್ನೂ ಎಳೆಯುತ್ತಿರುವಾಗ ಇದನ್ನು ಕೇಳಿಸಿಕೊಳ್ಳುವ ತಾಯಿಗೆ ಎರಡೂ ಒಂದೇ ಆಗಿ ಕೇಳಿಸುವುದಿಲ್ಲ.

ಅಂಥ ಲೆಕ್ಕವನ್ನೇ ಹೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ಸಾಕ್ಷಿ. ಅಲ್ಲಿನ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ನಿಗೆ ಒಳಗಾದ ಕೂಸುಗಳು ನಿರೀಕ್ಷೆಗಿಂತ ಹೆಚ್ಚು ಸಾಯುತ್ತಿದ್ದವು. ಹೆತ್ತವರಿಗೆ ಅದು ಗೊತ್ತಿರಲಿಲ್ಲ. 2001ರಲ್ಲಿ ಬಂದ ಇಯಾನ್ ಕೆನಡಿ ವಿಚಾರಣಾ ವರದಿ 198 ಶಿಫಾರಸುಗಳನ್ನು ಮಾಡಿತು. ಇಂದು ಬ್ರಿಟನ್ನಿನಲ್ಲಿ ಮಕ್ಕಳ ಹೃದಯ ಕೇಂದ್ರಗಳ ಫಲಿತಾಂಶ ಬಹಿರಂಗವಾಗಿರುವುದಕ್ಕೆ ಆ ಹೆತ್ತವರ ಹೋರಾಟ ದೊಡ್ಡ ಕಾರಣ.

ಗರ್ಭದಲ್ಲೇ ಹೃದಯ ನೋಡುವ ಸ್ಕ್ಯಾನ್ ಬಂದ ಮೇಲೆ ತೀರ್ಮಾನ ಹೆರಿಗೆಗೂ ಮುಂಚೆ ಸರಿಯಿತು. 2008ರಲ್ಲಿ ಮುಂಬೈನ ದಂಪತಿ ಗರ್ಭದ ಮಗುವಿಗೆ ತೀವ್ರ ಹೃದಯದೋಷವಿದೆ ಎಂದು ಗರ್ಭಪಾತಕ್ಕೆ ಅನುಮತಿ ಕೋರಿದರು. ಕಾನೂನಿನ ಗಡಿ ಆಗ 20 ವಾರ, ಅದು ದಾಟಿಹೋಗಿತ್ತು. ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಗಡಿಯನ್ನು 24 ವಾರಕ್ಕೆ ಏರಿಸಿತು. ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ಆ ಗಡಿಯೂ ಇಲ್ಲ, ವೈದ್ಯಕೀಯ ಮಂಡಳಿ ಒಪ್ಪಬೇಕು. ಕುಟುಂಬದ ಮಾತಿನ ನಡುವೆ ಮಂಡಳಿಗೂ ಒಂದು ಕುರ್ಚಿ ಬಿತ್ತು.

ಇಷ್ಟೆಲ್ಲ ಸಂಶೋಧನೆ ‘ಹೆತ್ತವರು’ ಎಂದರೆ ಗಂಡ-ಹೆಂಡತಿ ಇಬ್ಬರೇ ಎಂದುಕೊಂಡು ನಡೆದದ್ದು. ನಮ್ಮಲ್ಲಿ ಹಾಗಲ್ಲ. ವೈದ್ಯರು ಕೇಸ್ ಶೀಟಿನ ಹಿಂದೆ ಹೃದಯದ ಚಿತ್ರ ಬರೆದು, ಬಾಣ ಹಾಕಿ ವಿವರಿಸಿದ ಮೇಲೆ ಬರುವ ಉತ್ತರ ‘ಊರಲ್ಲಿ ಕೇಳ್ಕೊಂಡು ಬರ್ತೀವಿ ಸಾರ್’. ಊರಲ್ಲಿ ಕೇಳುವುದು ಅತ್ತೆಮಾವನನ್ನು, ಸಾಲ ಕೊಡುವವರನ್ನು, ಕೆಲವೊಮ್ಮೆ ಜೋಯಿಸರನ್ನು. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೃದಯದೋಷದೊಂದಿಗೆ ಹುಟ್ಟುತ್ತವೆ ಎಂಬ ಅಂದಾಜಿದೆ. ಅವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಮೊದಲ ವರ್ಷದಲ್ಲೇ ಚಿಕಿತ್ಸೆ ಆಗಬೇಕು. ಬೆಂಗಳೂರಿನ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಹಣ ಪಡೆಯದೆ ಹೃದಯದ ಆಪರೇಷನ್ ಮಾಡುತ್ತಿದೆ, ಸರ್ಕಾರಿ ಯೋಜನೆಗಳೂ ಬಂದಿವೆ. ಹಣದ ಗಂಟು ಸಡಿಲವಾದರೆ ತೀರ್ಮಾನ ಸುಲಭವಾಗುತ್ತದೆ ಎಂದು ನಂಬಿದ್ದವರಿಗೆ ದೆಹಲಿಯ ಏಮ್ಸ್‌ನ ಒಂದು ಅಧ್ಯಯನ ಬೇರೆಯದನ್ನೂ ತೋರಿಸಿತು.

2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಆಪರೇಷನ್ ಬೇಕೆಂದು ವೈದ್ಯರು ಹೇಳಿದ್ದ ಮಕ್ಕಳ ಪೈಕಿ ಗಂಡುಮಕ್ಕಳಲ್ಲಿ ಶೇ 70 ಜನರಿಗೆ ಆಪರೇಷನ್ ಆಗಿತ್ತು, ಹೆಣ್ಣುಮಕ್ಕಳಲ್ಲಿ ಶೇ 44 ಜನರಿಗೆ ಮಾತ್ರ. ಕಾರಣ ಕೇಳಿದಾಗ ಬಂದ ಮಾತುಗಳಲ್ಲಿ ಒಂದು ಮದುವೆಯ ಚಿಂತೆ: ಎದೆಯ ಮೇಲೆ ಕಲೆ ಉಳಿಯುತ್ತದಲ್ಲ. ಈಗ ಹೃದಯದ ಕೆಲವು ಬಗೆಯ ತೂತುಗಳನ್ನು ತೊಡೆಯ ನಾಳದಿಂದ ಹಾಕುವ ಡಿವೈಸಿನಿಂದ ಮುಚ್ಚುತ್ತಾರೆ. ಎದೆ ಸೀಳುವ ಬದಲು ಕಂಕುಳ ಬದಿಯಿಂದ ಹೋಗುವ ವಿಧಾನವೂ ಬಂದಿದೆ, ಅದರ ಕಲೆ ರವಿಕೆಯೊಳಗೆ ಮರೆಯಾಗುತ್ತದೆ. ಆದರೆ ಎಡಭಾಗವೇ ಬೆಳೆಯದ ಹೃದಯಕ್ಕೆ ಈ ಎರಡೂ ದಾರಿ ಇಲ್ಲ. ಅಲ್ಲಿ ಎದೆಯನ್ನು ನಟ್ಟನಡುವೆಯೇ ತೆರೆಯಬೇಕು, ಅದೂ ಮೂರು ಸಲ.