ಬೆಂಕಿ ಆರಿತು, ನೊರೆ ಉಳಿಯಿತು

ಇವತ್ತು ನೊರೆಯ ಬಗ್ಗೆ ಮಾತಾಡೋಣ. ವಿಮಾನಕ್ಕೋ ಇಂಧನದ ಟ್ಯಾಂಕಿಗೋ ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಹೊಡೆಯುತ್ತಾರಲ್ಲ, ಆ ಬಿಳಿ ನೊರೆ.

ಸೈನ್ಯ ಮತ್ತು ವಿಷ ಅಂದ ಕೂಡಲೇ ನಮಗೆ ನೆನಪಾಗೋದು ಮೊದಲ ಮಹಾಯುದ್ಧದ ಕ್ಲೋರಿನ್, ವಿಯೆಟ್ನಾಂನ ಏಜೆಂಟ್ ಆರೆಂಜ್. ಅವನ್ನು ಶತ್ರುವಿನ ಮೇಲೆ, ಶತ್ರು ಅಡಗಿದ್ದ ಕಾಡಿನ ಮೇಲೆ ಬೇಕಂತಲೇ ಬಿಟ್ಟರು. ಈ ನೊರೆಯ ಕಥೆ ಹಾಗಲ್ಲ. ಇದನ್ನು ಕಂಡುಹಿಡಿದದ್ದು ತಮ್ಮವರ ಜೀವ ಉಳಿಸೋಕೆ. ಉಳಿಸಿತು ಕೂಡ. ಅದಕ್ಕೇ ಇಲ್ಲಿ ತಪ್ಪು ಯಾರದು ಅಂತ ಹುಡುಕೋದು ಅಷ್ಟು ಸುಲಭ ಇಲ್ಲ.

1967ರ ಜುಲೈ 29. ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ವಿಮಾನವಾಹಕ ನೌಕೆ ಫಾರೆಸ್ಟಲ್. ಡೆಕ್ ತುಂಬ ಇಂಧನ ತುಂಬಿಸಿಕೊಂಡು, ಬಾಂಬ್ ಹೊತ್ತು ನಿಂತ ವಿಮಾನಗಳು. ವಿದ್ಯುತ್ ದೋಷದಿಂದ ಒಂದು ಫ್ಯಾಂಟಮ್ ವಿಮಾನದ ರಾಕೆಟ್ ತಾನಾಗಿಯೇ ಹಾರಿ, ಎದುರಿಗೆ ನಿಂತಿದ್ದ ಸ್ಕೈಹಾಕ್ ವಿಮಾನದ ಇಂಧನ ಟ್ಯಾಂಕಿಗೆ ಬಡಿಯಿತು. ಸುಮಾರು ಒಂದೂವರೆ ನಿಮಿಷದಲ್ಲಿ ಮೊದಲ ಬಾಂಬ್ ಸಿಡಿಯಿತು. ಬೆಂಕಿ ಆರಿಸುವ ತರಬೇತಿ ಇದ್ದವರೇ ಮೊದಲು ಓಡಿದ್ದರು, ಅವರಲ್ಲಿ ಹೆಚ್ಚಿನವರು ಆ ಸ್ಫೋಟದಲ್ಲೇ ಹೋದರು. ಆಮೇಲೆ ಬಂದವರಿಗೆ ತರಬೇತಿ ಇರಲಿಲ್ಲ. ಒಂದು ತಂಡ ನೊರೆ ಹೊಡೆಯುತ್ತಿದ್ದರೆ ಇನ್ನೊಂದು ತಂಡ ಸಮುದ್ರದ ನೀರು ಹೊಡೆದು ಆ ನೊರೆಯನ್ನೇ ತೊಳೆದುಹಾಕಿತು. ಕೊನೆಗೆ ಸತ್ತವರು 134 ಜನ.

ನೀರಿಗಿಂತ ಇಂಧನ ಹಗುರ. ನೀರು ಸುರಿದರೆ ಉರಿಯುವ ಇಂಧನ ಮೇಲೆ ತೇಲಿಕೊಂಡು ಇನ್ನಷ್ಟು ದೂರ ಹರಡುತ್ತೆ. ಇದಕ್ಕೆ ಮದ್ದು ಆಗಲೇ ಪ್ರಯೋಗಾಲಯದಲ್ಲಿತ್ತು. ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯ 3ಎಂ ಕಂಪನಿಯ ಜೊತೆ ಸೇರಿ ಹೊಸ ಬಗೆಯ ನೊರೆ ಮಾಡಿತ್ತು, 1966ರಲ್ಲಿ ಪೇಟೆಂಟ್ ಕೂಡ ಸಿಕ್ಕಿತ್ತು. ಅದರಲ್ಲಿದ್ದ ಫ್ಲೋರಿನ್ ಬೆರೆತ ಸೋಪಿನಂಥ ರಾಸಾಯನಿಕ ನೀರಿನ ಮೇಲ್ಮೈ ಎಳೆತವನ್ನು ಎಷ್ಟು ತಗ್ಗಿಸುತ್ತೆ ಅಂದರೆ, ನೀರು ತೆಳ್ಳನೆ ಪರದೆಯ ಹಾಗೆ ಇಂಧನದ ಮೇಲೆಯೇ ಹರಡಿಕೊಳ್ಳುತ್ತೆ. ಆವಿ ಮೇಲೇಳಲ್ಲ, ಬೆಂಕಿಗೆ ಉಸಿರು ಸಿಗಲ್ಲ. ಇದೇ ಎಎಫ್‌ಎಫ್‌ಎಫ್.

ಫಾರೆಸ್ಟಲ್ ದುರಂತದ ನಂತರ ನೌಕಾಪಡೆ ತಡಮಾಡಲಿಲ್ಲ. 1969ರಲ್ಲಿ ಈ ನೊರೆಗೆ ಸೇನಾ ಸ್ಪೆಸಿಫಿಕೇಶನ್, ಅಂದರೆ ಮಿಲ್‌ಸ್ಪೆಕ್ ಬಂತು. ಅದರ ಹೆಸರಾಂತ ಪರೀಕ್ಷೆ ಬಹಳ ನೇರ: 28 ಚದರ ಅಡಿ ಇಂಧನದ ಬೆಂಕಿ 30 ಸೆಕೆಂಡಿನಲ್ಲಿ ಆರಬೇಕು. ಒಂದೂವರೆ ನಿಮಿಷದಲ್ಲಿ ಬಾಂಬ್ ಸಿಡಿದದ್ದನ್ನು ಕಂಡವರಿಗೆ ಈ 30 ಸೆಕೆಂಡಿನ ಬೆಲೆ ಗೊತ್ತಿತ್ತು. ಮುಂದೆ ಮಿಲಿಟರಿ ಮಾತ್ರ ಅಲ್ಲ, ನಾಗರಿಕ ವಿಮಾನ ನಿಲ್ದಾಣಗಳೂ ತೈಲ ಘಟಕಗಳೂ ಇದನ್ನೇ ತಂದಿಟ್ಟುಕೊಂಡವು.

ಸ್ಪೆಸಿಫಿಕೇಶನ್ ಬರೆದು, ಓದಿ, ಬೈದು ಹೊಟ್ಟೆ ಹೊರೆಯೋ ನಮ್ಮಂಥವರಿಗೆ ಇದು ಪರಿಚಿತ ಜಾಗ. ಡಾಕ್ಯುಮೆಂಟಿನಲ್ಲಿ ಏನು ಅಳೆಯುತ್ತೀವೋ ಅದು ಚೆನ್ನಾಗಿ ಬರುತ್ತೆ. ಬೆಂಕಿ ಎಷ್ಟು ಬೇಗ ಆರುತ್ತೆ ಅಂತ ಅಳೆದರು, ಅದು ಬೇಗ ಆರಿತು. ಆದರೆ ಈ ವಸ್ತು ನೆಲದೊಳಗೆ ಇಳಿದು, ಬಾವಿ ಸೇರಿ, ಮನುಷ್ಯನ ರಕ್ತದಲ್ಲಿ ಎಷ್ಟು ವರ್ಷ ಕೂರುತ್ತೆ ಅನ್ನೋ ಪ್ರಶ್ನೆಗೆ ಅಲ್ಲಿ ಜಾಗ ಇರಲಿಲ್ಲ. ಕಾರ್ಬನ್ ಮತ್ತು ಫ್ಲೋರಿನ್ ನಡುವಿನ ಬೆಸುಗೆ ಸಾವಯವ ರಸಾಯನಶಾಸ್ತ್ರದಲ್ಲೇ ಅತಿ ಗಟ್ಟಿ ಬೆಸುಗೆಗಳಲ್ಲೊಂದು. ಬೆಂಕಿಯ ಎದುರು ನಿಲ್ಲೋಕೆ ಬೇಕಾದ ಗುಣವೇ ಅದು. ಮಣ್ಣು, ಬಿಸಿಲು, ಬ್ಯಾಕ್ಟೀರಿಯಾ ಯಾವುದಕ್ಕೂ ಬಗ್ಗದೆ ಉಳಿಯೋದಕ್ಕೆ ಕಾರಣವೂ ಅದೇ. ಪಿಎಫ್‌ಎಎಸ್ ಅಂತ ಕರೆಯೋ ಈ ಇಡೀ ಕುಟುಂಬಕ್ಕೆ 'ಶಾಶ್ವತ ರಾಸಾಯನಿಕ' ಅನ್ನೋ ಅಡ್ಡಹೆಸರು ಬಂದದ್ದು ಹೀಗೆ.

ನನಗೆ ಈ ಕಥೆಯಲ್ಲಿ ಹೆಚ್ಚು ಕಾಡೋದು ಇನ್ನೊಂದು ವಿಷಯ. ನೆಲಕ್ಕೆ ಇಳಿದ ನೊರೆಯಲ್ಲಿ ಬಹಳಷ್ಟು ನಿಜವಾದ ಅವಘಡದ್ದಲ್ಲ, ಅಭ್ಯಾಸದ್ದು. ವಾಯುನೆಲೆಗಳಲ್ಲಿ ಗುಂಡಿ ತೋಡಿ, ಇಂಧನ ಸುರಿದು, ಬೆಂಕಿ ಹಚ್ಚಿ, ನೊರೆ ಹೊಡೆದು ಆರಿಸೋದು. ಮುಂದಿನ ಸಲ ಮತ್ತೆ ಅದೇ. ಹೀಗೆ ದಶಕಗಟ್ಟಲೆ. ಮಿಶಿಗನ್ ರಾಜ್ಯದ ಆಸ್ಕೋಡಾ ಊರಿನ ಪಕ್ಕದ ವರ್ಟ್‌ಸ್ಮಿತ್ ವಾಯುನೆಲೆ 1993ರಲ್ಲೇ ಮುಚ್ಚಿತು. ವಿಮಾನ ಹೋದವು, ಸೈನಿಕರು ಹೋದರು. 2010ರಲ್ಲಿ ರಾಜ್ಯದ ಅಧಿಕಾರಿಗಳು ಆ ಹಳೆಯ ಅಭ್ಯಾಸದ ಜಾಗದಲ್ಲಿ ಪರೀಕ್ಷೆ ಮಾಡಿದಾಗ ಅಂತರ್ಜಲದಲ್ಲಿ ಪಿಎಫ್‌ಎಎಸ್ ಸಿಕ್ಕಿತು. 2012ರಲ್ಲಿ ಅಲ್ಲಿನ ನದಿಯ ಕೆಳಭಾಗದಲ್ಲಿ ಸಿಗುವ ಕೆಲವು ಮೀನು ತಿನ್ನಬೇಡಿ ಅಂತ ಜನರಿಗೆ ಹೇಳಬೇಕಾಯಿತು. ನೆಲೆ ಮುಚ್ಚಿ ಸುಮಾರು 20 ವರ್ಷ ಆಗಿತ್ತು.

ಹಾಗಾದರೆ ಯಾರಿಗೂ ಗೊತ್ತಿರಲಿಲ್ವಾ? ಗೊತ್ತಿತ್ತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾಲಕ್ಕೆ. 1970ರ ದಶಕದಲ್ಲೇ 3ಎಂ ತನ್ನ ಕಾರ್ಮಿಕರ ರಕ್ತದಲ್ಲಿ ಇಂಥ ರಾಸಾಯನಿಕ ಕಂಡಿತ್ತು. 2000ದ ಮೇ ತಿಂಗಳಲ್ಲಿ ಪಿಎಫ್‌ಒಎಸ್ ತಯಾರಿಕೆ ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2009ರಲ್ಲಿ ಕುಡಿಯುವ ನೀರಿನಲ್ಲಿ ಪಿಎಫ್‌ಒಎಸ್‌ಗೆ ಕೊಟ್ಟ ತಾತ್ಕಾಲಿಕ ಸಲಹಾ ಮಟ್ಟ 200 ಪಿಪಿಟಿ. 1 ಪಿಪಿಟಿ ಅಂದರೆ ಲಕ್ಷ ಕೋಟಿ ಪಾಲಿನಲ್ಲಿ 1 ಪಾಲು. 2016ರಲ್ಲಿ ಪಿಎಫ್‌ಒಎಸ್, ಪಿಎಫ್‌ಒಎ ಎರಡೂ ಸೇರಿ 70 ಅಂತಾಯಿತು. 2024ರಲ್ಲಿ ಸಲಹೆ ಹೋಗಿ ಕಾನೂನಿನ ಮಿತಿ ಬಂತು: ಒಂದೊಂದಕ್ಕೂ 4. ಅದಕ್ಕೆ ಸ್ವಲ್ಪ ಮೊದಲು, 2023ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಿಎಫ್‌ಒಎಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು.

ಈಗ ಸೈನ್ಯದ ಕಡೆ ನೋಡಿ. ಅಮೆರಿಕದ ರಕ್ಷಣಾ ಇಲಾಖೆ ಸುಮ್ಮನೆ ಕೂತಿರಲಿಲ್ಲ. ರಾಕೆಟ್ ಇಂಧನದ ಪರ್ಕ್ಲೋರೇಟ್ ಕುಡಿಯುವ ನೀರಿನಲ್ಲಿ ಸಿಕ್ಕಿ ಪೆಟ್ಟು ತಿಂದಿದ್ದರಿಂದ, ಹೊಸದಾಗಿ ತಲೆ ಎತ್ತುವ ರಾಸಾಯನಿಕ ಅಪಾಯಗಳನ್ನು ಮೊದಲೇ ಗುರುತಿಸೋಕೆ 2006ರ ಹೊತ್ತಿಗೆ ಒಂದು ಕಾರ್ಯಕ್ರಮ ಶುರುಮಾಡಿತು. ಮೂರು ಹಂತ: ಹುಡುಕು, ಕಣ್ಣಿಡು, ಕೆಲಸ ಮಾಡು. ಒಳ್ಳೆಯ ವ್ಯವಸ್ಥೆ. ವಿಮಾನ, ವಾಹನಗಳ ತುಕ್ಕು ತಡೆಯೋ ಬಣ್ಣಗಳಲ್ಲಿದ್ದ ಹೆಕ್ಸಾವೇಲೆಂಟ್ ಕ್ರೋಮಿಯಂ ಬಳಕೆ ತಗ್ಗಿಸಿ ಅಂತ 2009ರಲ್ಲಿ ಆದೇಶ ಹೊರಟಿತು. ನೊರೆಯ ವಿಷಯದಲ್ಲೂ ಇದೇ ಕಾರ್ಯಕ್ರಮ 2011ರಲ್ಲಿ ಎಚ್ಚರಿಕೆ ಪತ್ರ ಹೊರಡಿಸಿತು.

ಆದರೆ ನೆಲದ ಮೇಲಿನ ತರಬೇತಿ, ಪರೀಕ್ಷೆಗಳಲ್ಲಿ ನೊರೆಯನ್ನು ಹಾಗೇ ಹರಿಯಬಿಡಬೇಡಿ ಅಂತ ಇಲಾಖೆಯ ನೀತಿ ಬಂದದ್ದು ಯಾವಾಗ ಗೊತ್ತಾ? 2016ರ ಜನವರಿ. ಎಚ್ಚರಿಕೆಗೂ ಆದೇಶಕ್ಕೂ ನಡುವೆ ಸುಮಾರು 5 ವರ್ಷ.

ಆ 5 ವರ್ಷಕ್ಕೆ ಯಾರೋ ಒಬ್ಬ ಖಳನಾಯಕ ಬೇಕಿಲ್ಲ. ಎಚ್ಚರಿಕೆ ಕೊಡುವವರ ಕೈಯಲ್ಲಿ ನಿಲ್ಲಿಸುವ ಅಧಿಕಾರ ಇರಲಿಲ್ಲ. ನೆಲೆಯ ಅಧಿಕಾರಿ ಬೇರೆ ನೊರೆ ಕೊಳ್ಳೋಣ ಅಂದರೆ ಮಿಲ್‌ಸ್ಪೆಕ್ ಪಾಸಾಗಲು ಫ್ಲೋರಿನ್ ಬೇಕೇ ಬೇಕಿತ್ತು. ನೀರಿನ ಮಟ್ಟ ಇನ್ನೂ ಬರೀ ಸಲಹೆ, ಕಾನೂನಲ್ಲ. ಹೀಗೆ ಎಲ್ಲರೂ ಅವರವರ ನಿಯಮ ಪಾಲಿಸಿದರು, ಗುಂಡಿಯೊಳಗಿನ ನೀರು ಮಾತ್ರ ತನ್ನ ಪಾಡಿಗೆ ಕೆಳಗಿಳಿಯುತ್ತಾ ಹೋಯಿತು. ರಾತ್ರಿ ಮೂರು ಗಂಟೆಗೆ ಅಲರ್ಟ್ ಬರುತ್ತೆ, ಅದನ್ನು ಎತ್ತಿಕೊಳ್ಳೋ ಟೀಮ್ ಯಾವುದು ಅಂತ ಯಾರೂ ಬರೆದಿಟ್ಟಿರಲ್ಲ. ಈ ಕಾಯಿಲೆ ನಮಗೆ ಗೊತ್ತಿರೋದೇ. ನಮ್ಮಲ್ಲಿ ಸರ್ವರ್ ಬಿದ್ದರೆ ಎಬ್ಬಿಸಬಹುದು. ಅಂತರ್ಜಲಕ್ಕೆ ರೋಲ್‌ಬ್ಯಾಕ್ ಇಲ್ಲ.

ಇವತ್ತು 700ಕ್ಕೂ ಹೆಚ್ಚು ಸೇನಾ ಜಾಗಗಳು ತಪಾಸಣೆಯ ಪಟ್ಟಿಯಲ್ಲಿವೆ. 2019ರ ಕೊನೆಯಲ್ಲಿ ಅಮೆರಿಕದ ಸಂಸತ್ತು, 2024ರ ಅಕ್ಟೋಬರ್ ನಂತರ ಸೇನಾ ನೆಲೆಗಳಲ್ಲಿ ಈ ನೊರೆ ಬೇಡ ಅಂತ ಕಾನೂನು ಮಾಡಿತು. ಗಡುವು ಮುಂದಕ್ಕೆ ಹಾಕಲು ಅವಕಾಶವನ್ನೂ ಇಟ್ಟಿತು. 2023ರ ಜನವರಿಯಲ್ಲಿ ಫ್ಲೋರಿನ್ ಇಲ್ಲದ ನೊರೆಗೆ ಹೊಸ ಮಿಲ್‌ಸ್ಪೆಕ್ ಬಂತು. ಸಮುದ್ರದಲ್ಲಿರುವ ಹಡಗುಗಳಿಗೆ ಮಾತ್ರ ವಿನಾಯಿತಿ.

ಈ ವಿನಾಯಿತಿ ಕೇಳಿ ಕೆಲವರಿಗೆ ಸಿಟ್ಟು ಬರಬಹುದು. ನನಗೆ ಇದು ಸರಿ ಅನಿಸುತ್ತೆ. ನಡುಸಮುದ್ರದಲ್ಲಿ ಬೆಂಕಿ ಬಿದ್ದರೆ ಓಡೋಕೆ ಜಾಗ ಇಲ್ಲ, ಆ 134 ಜನಕ್ಕೂ ಇರಲಿಲ್ಲ. ಅಲ್ಲಿ 30 ಸೆಕೆಂಡಿಗೆ ಬೇರೆಯೇ ಲೆಕ್ಕ. ನಿಜವಾದ ಬೆಂಕಿಗೆ ಈ ನೊರೆ, ಅಭ್ಯಾಸಕ್ಕೆ ಬೇರೆ ಏನಾದರೂ: ಇಷ್ಟೊಂದು ಗೆರೆಯನ್ನು 2000ದಲ್ಲೇ, ತಯಾರಿಸಿದವನೇ ಕೈ ಎತ್ತಿದಾಗಲೇ ಎಳೆದಿದ್ದರೆ, ಎಷ್ಟೋ ಊರಿನ ನೆಲಕ್ಕೆ ಮತ್ತೆ 16 ವರ್ಷದ ನೊರೆ ಬೀಳುತ್ತಿರಲಿಲ್ಲ. ಅದಕ್ಕೆ ಹೊಸ ವಿಜ್ಞಾನವೂ ಬೇಕಿರಲಿಲ್ಲ, ಹೊಸ ನೊರೆಯೂ ಬೇಕಿರಲಿಲ್ಲ. ಅಭ್ಯಾಸದ ದಿನ ನಲ್ಲಿಯಲ್ಲಿ ಏನು ಬಿಡಬೇಕು ಅಂತ ಹೇಳೋಕೆ ಅಧಿಕಾರ ಇದ್ದ ಒಬ್ಬರು ಸಾಕಿತ್ತು.